ಕ್ಲಿಪ್ಪೋ ಅಲೈನರೋ: ಬೋರ್ ನೀರು ಕುಡಿದ ಹಲ್ಲಿಗೆ ಯಾವುದು ಹೊಂದುತ್ತದೆ?

ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಇರುತ್ತವೆ. ಅದು ಫ್ಲೋರೋಸಿಸ್, ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಬರುವಂಥದ್ದು. ತಂತಿಯ ಕ್ಲಿಪ್‌ನಿಂದಲೋ, ಅಲೈನರ್‌ನಿಂದಲೋ (ಒಂದಾದ ಮೇಲೊಂದು ತೊಡುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಹಲ್ಲು ನೇರ ಮಾಡಿಸಲು ಹೊರಟವರು ರೇಟು ಕೇಳುವ ಮೊದಲು ಈ ಕಲೆಯ ಮಾತು ಎತ್ತಬೇಕು.

ಕಾರಣ ಇಷ್ಟೇ. ಬ್ರಾಕೆಟ್ (ಕ್ಲಿಪ್‌ನ ತಂತಿ ಹಿಡಿಯುವ ಸಣ್ಣ ತುಂಡು) ಅಂಟಿಸುವ ಮುಂಚೆ ಹಲ್ಲಿನ ಹೊರಪದರವಾದ ಎನಾಮಲ್‌ಗೆ 37% ಫಾಸ್ಫಾರಿಕ್ ಆಮ್ಲವನ್ನು 15ರಿಂದ 30 ಸೆಕೆಂಡ್ ಹಚ್ಚಿ ತೊಳೆಯುತ್ತಾರೆ. ಮೇಲ್ಮೈ ತರಿತರಿಯಾದರೆ ಅಂಟು ಗಟ್ಟಿ ಹಿಡಿಯುತ್ತದೆ. ಫ್ಲೋರೈಡ್ ತುಂಬಿದ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆಮ್ಲ ಇನ್ನಷ್ಟು ಹೊತ್ತು ಇರಬೇಕು, ಇಲ್ಲವೇ ಮೇಲಿನ ಪದರವನ್ನು ತುಸು ಉಜ್ಜಬೇಕು. ಬಿಟ್ಟರೆ ಬ್ರಾಕೆಟ್ ಪದೇ ಪದೇ ಕಳಚುತ್ತದೆ. ಅಲೈನರ್‌ನಲ್ಲಿ ಈ ತಾಪತ್ರಯ ಇಲ್ಲ ಎನ್ನುವುದು ತಪ್ಪು: ಟ್ರೇ ಹಿಡಿತಕ್ಕೆ ಹಲ್ಲಿನ ಮೇಲೆ ಕೂರಿಸುವ ಕಾಂಪೋಸಿಟ್ ಗುಬಟುಗಳಿಗೂ ಅದೇ ಆಮ್ಲ, ಅದೇ ಬಗೆಯ ಅಂಟು.

ಹಲ್ಲು ಕೀಳಿಸಿ ಜಾಗ ಮುಚ್ಚಬೇಕಾದರೆ, ಕೋರೆಹಲ್ಲು ತಿರುಚಿಕೊಂಡಿದ್ದರೆ ನಮ್ಮ ಆಯ್ಕೆ ಸ್ಟೀಲ್ ಕ್ಲಿಪ್. ಮೊದಲು ತೆಳ್ಳನೆಯ ನಿಕಲ್-ಟೈಟೇನಿಯಂ ತಂತಿ, ಆಮೇಲೆ ಚೌಕಾಕಾರದ ಸ್ಟೀಲ್ ತಂತಿ. ಬೇರಿನ ಓರೆ ತಿದ್ದುವುದು ಈ ಎರಡನೆಯದು. 4ರಿಂದ 6 ವಾರಕ್ಕೊಮ್ಮೆ ಹೋಗಬೇಕು, ಒಟ್ಟು ಸಾಮಾನ್ಯವಾಗಿ 18ರಿಂದ 24 ತಿಂಗಳು. ಕರದಂಟು, ಕಬ್ಬು ಅಷ್ಟು ದಿನ ಬೇಡವೇ ಬೇಡ. ಖಡಕ್ ರೊಟ್ಟಿಯನ್ನು ಪಲ್ಯದ ರಸದಲ್ಲಿ ನೆನೆಸಿ ಉಣ್ಣಬಹುದು.

ಹಲ್ಲಿನ ಬಣ್ಣದ ಸಿರಾಮಿಕ್ ಕ್ಲಿಪ್ ಕಣ್ಣಿಗೆ ಚೆಂದ, ಆದರೆ ಅದರ ಪಾರದರ್ಶಕ ರಬ್ಬರ್ ಉಂಗುರ ಅರಿಷಿಣಕ್ಕೆ ಹಳದಿಯಾಗುತ್ತದೆ. ಸಿರಾಮಿಕ್ ಎನಾಮಲ್‌ಗಿಂತ ಗಟ್ಟಿ. ಮೇಲಿನ ಹಲ್ಲು ಕೆಳಗಿನದರ ಮೇಲೆ ಆಳವಾಗಿ ಕೂರುವವರು ಕೆಳಸಾಲಿಗೆ ಹಾಕಿಸಿದರೆ ಮೇಲಿನ ಹಲ್ಲು ಸವೆಯುತ್ತದೆ. ಬಿಚ್ಚುವಾಗ, ಮೊದಲೇ ದುರ್ಬಲವಾದ ಎನಾಮಲ್ ಚೂರು ಕಿತ್ತು ಬರುವ ಭಯವೂ ಇದೆ. ಫ್ಲೋರೋಸಿಸ್ ಜೋರಾಗಿದ್ದರೆ ಇದನ್ನು ಬಿಡುವುದೇ ಲೇಸು.

ಅಲೈನರ್ ಸಣ್ಣ ಸಂದು, ಅಲ್ಪಸ್ವಲ್ಪ ಒತ್ತೊತ್ತಿಗೆ ಒಳ್ಳೆಯದು. ದಿನಕ್ಕೆ 20-22 ತಾಸು ಬಾಯಲ್ಲಿರಬೇಕು. ಪ್ರತಿ ಚಹಾಕ್ಕೂ ತೆಗೆಯಬೇಕು, ಬಿಸಿಗೆ ಟ್ರೇ ಸೊಟ್ಟಗಾಗುತ್ತದೆ. ಹಲ್ಲಿನ ತುದಿಗೂ ಟ್ರೇಗೂ ನಡುವೆ ಖಾಲಿ ಕಂಡರೆ ಮುಂದಿನ ಟ್ರೇಗೆ ಹೋಗದೆ ಡಾಕ್ಟರಿಗೆ ತೋರಿಸಿ. ಎಕ್ಸ್-ರೇ ಇಲ್ಲದೆ ಕೊರಿಯರ್‌ನಲ್ಲಿ ಕಳಿಸುವ ಟ್ರೇಗಳನ್ನು ನಾವು ಯಾರಿಗೂ ಹೇಳುವುದಿಲ್ಲ. ವಸಡಿನ ಮೂಳೆ ಕರಗಿದೆಯೋ, ಒಳಗೆ ಹಲ್ಲು ಹೂತಿದೆಯೋ ಅವರಿಗೆ ತಿಳಿಯುವುದು ಹೇಗೆ?

ಖರ್ಚು ಕಮ್ಮಿ ಬೇಕೆಂದರೆ ಬೆಳಗಾವಿಯ ಕೆಎಲ್‌ಇ, ಬಾಗಲಕೋಟೆಯ ಪಿಎಂಎನ್‌ಎಂ, ವಿಜಯಪುರದ ಅಲ್-ಅಮೀನ್ ದಂತ ಕಾಲೇಜುಗಳ ಆರ್ಥೊಡಾಂಟಿಕ್ಸ್ (ಹಲ್ಲು ನೇರ ಮಾಡುವ) ವಿಭಾಗಕ್ಕೆ ಹೋಗಿ ಕೇಳಿ. ಅಲ್ಲಿ ಹಲ್ಲು ನೋಡುವವರು ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳು, ಅವರ ಓದು 3 ವರ್ಷ. ನಿಮ್ಮನ್ನು ನೋಡುವ ವಿದ್ಯಾರ್ಥಿ ಕೊನೆಯ ವರ್ಷದಲ್ಲಿದ್ದರೆ ನಡುವೆ ಕೈ ಬದಲಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಎಲ್ಲೇ ಮಾಡಿಸಿದರೂ ಕೊನೆಗೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಬೇಕೇ ಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಸರಿಯುತ್ತದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ.