ಒಳಗೆ ಬೆಚ್ಚಗೆ, ಅಡಿಯಲ್ಲಿ ಮಂಜುಗಡ್ಡೆ: ಆರ್‌ವಿಗೆ ಯಾವ ಹೀಟರ್?

ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನಲ್ಲಿ ಸೀಸನ್ ಕೆಲಸ ಹಿಡಿದು ಸ್ವಂತ ಆರ್‌ವಿಯಲ್ಲೇ (ಅಡುಗೆ, ಹಾಸಿಗೆ, ಶೌಚ ಎಲ್ಲವೂ ಇರುವ ಮನೆಗಾಡಿಯಲ್ಲಿ) ಉಳಿಯುವವರಿಗೆ ಕಷ್ಟ ಶುರುವಾಗುವುದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ. ಅಲ್ಲಿನ ಹೆಸರಾಂತ ಬಿಸಿನೀರ ಬುಗ್ಗೆ ಓಲ್ಡ್ ಫೇತ್‌ಫುಲ್ ಇರುವುದೇ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಕ್ಟೋಬರ್ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೂ ಯಾರೂ ಬೆರಗಾಗುವುದಿಲ್ಲ. ಇರುವ ದಾರಿ ಮೂರು: ಗಾಡಿಯ ಜೊತೆಗೇ ಬಂದ ಪ್ರೊಪೇನ್ ಫರ್ನೇಸ್ (ಗ್ಯಾಸ್ ಉರಿಸಿ ಫ್ಯಾನಿನಿಂದ ಬಿಸಿಗಾಳಿ ಊದುವಂಥದ್ದು), 1,500 ವ್ಯಾಟಿನ ಕರೆಂಟ್ ಹೀಟರ್, ಹೊಗೆ ಕೊಳವೆಯಿಲ್ಲದ ಪೋರ್ಟಬಲ್ ಗ್ಯಾಸ್ ಹೀಟರ್. ಮೂರನ್ನೂ ಒಂದೇ ಗಾಡಿಯಲ್ಲಿ ಉರಿಸಿ ನೋಡಿದ ಲೆಕ್ಕ ಇದು.

ಅನೇಕ ಕಡೆ ಕರೆಂಟು ಗಾಡಿ ನಿಲ್ಲಿಸುವ ಜಾಗದ ಬಾಡಿಗೆಯಲ್ಲೇ ಸೇರಿರುತ್ತದೆ, ಗ್ಯಾಸು ಮಾತ್ರ ನಮ್ಮ ಕೈಯಿಂದ. ಹಾಗಾಗಿ ಎಲ್ಲರ ಕಣ್ಣೂ ಮೊದಲು ಹೋಗುವುದು ಕರೆಂಟ್ ಹೀಟರಿನ ಕಡೆಗೆ. 1,500 ವ್ಯಾಟ್ ಎಂದರೆ ಗಂಟೆಗೆ ಸುಮಾರು 5,100 ಬಿಟಿಯು (ಶಾಖ ಅಳೆಯುವ ಮಾನ). ಮಧ್ಯಮ ಗಾತ್ರದ ಫರ್ನೇಸ್ ಗಂಟೆಗೆ 30,000 ಬಿಟಿಯುವಿನಷ್ಟು ಗ್ಯಾಸ್ ಉರಿಸಿ, ಅದರಲ್ಲಿ ಮುಕ್ಕಾಲು ಪಾಲನ್ನು ಒಳಕ್ಕೆ ಬಿಡುತ್ತದೆ. ಅದಕ್ಕೆ ಸರಿಸಾಟಿಯಾಗಲು ನಾಲ್ಕೈದು ಹೀಟರ್ ಬೇಕು. ಆದರೆ ಅಲ್ಲಿನ 120 ವೋಲ್ಟಿನ, 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು ಒಟ್ಟು 3,600 ವ್ಯಾಟ್. ಎರಡು ಹೀಟರ್ ಹಾಕಿದರೆ 25 ಆಂಪಿಯರ್ ಅಲ್ಲಿಗೇ ಮುಗಿಯಿತು. ಮೇಲೆ ಕೆಟಲ್ ಇಟ್ಟಿರೋ, ಬ್ರೇಕರ್ ಬೀಳುತ್ತದೆ. ಬ್ರೇಕರ್ ಬೀಳದಿದ್ದಾಗಲೇ ಹೆಚ್ಚು ಅಪಾಯ. ಆರ್‌ವಿಗಳ ಸಾಕೆಟ್‌ನಲ್ಲಿ ತಂತಿಯನ್ನು ಎಷ್ಟೋ ಸಲ ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ, ಒತ್ತಿ ಕೂರಿಸಿರುತ್ತಾರೆ. ಗಾಡಿ ಓಡಿದಂತೆ ಅದು ಸಡಿಲವಾಗಿ ಬಿಸಿಯೇರುತ್ತದೆ. ಹೀಟರ್ ಒಂದು ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆ ಸಾಕೆಟ್ ಬದಲಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡಂತೂ ಬೇಡವೇ ಬೇಡ.

ಇಷ್ಟಕ್ಕೂ ಕರೆಂಟ್ ಹೀಟರಿನ ದೊಡ್ಡ ದೋಷ ಬೇರೆಯೇ ಇದೆ: ಅದು ಮನುಷ್ಯರನ್ನು ಬೆಚ್ಚಗಿಡುತ್ತದೆ, ಕೊಳಾಯಿಗಳನ್ನಲ್ಲ. ಚಳಿಗೆಂದೇ ಕಟ್ಟಿದ ಗಾಡಿಗಳಲ್ಲಿ ಫರ್ನೇಸಿನ ಒಂದು ಡಕ್ಟ್ (ಗಾಳಿ ಕೊಳವೆ) ಗಾಡಿಯ ನೆಲದಡಿಯ ನೀರಿನ ಟ್ಯಾಂಕುಗಳಿಗೂ ಬಿಸಿಗಾಳಿ ಊದುತ್ತದೆ. ಕರೆಂಟ್ ಹೀಟರ್ ಗಾಡಿಯೊಳಗೆ 20 ಡಿಗ್ರಿ ಕಾಯ್ದರೆ ಥರ್ಮೋಸ್ಟಾಟ್‌ಗೆ ಫರ್ನೇಸನ್ನು ಕರೆಯುವ ಪ್ರಮೇಯವೇ ಬರುವುದಿಲ್ಲ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರಿಲ್ಲ.

ಫರ್ನೇಸ್ ಓಡಿಸಲು ತೆರಬೇಕಾದ ಬೆಲೆಯನ್ನೂ ಹೇಳಬೇಕು. 9 ಕೆ.ಜಿ. ಸಿಲಿಂಡರ್‌ನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ. ಬಿಡದೆ ಉರಿದರೆ 14 ಗಂಟೆ, ಅರ್ಧ ಹೊತ್ತು ಉರಿದರೆ 28 ಗಂಟೆ. ಕಡು ಚಳಿಯಲ್ಲಿ ದಿನಕ್ಕೊಂದು ಸಿಲಿಂಡರ್ ಎಂದೇ ಇಟ್ಟುಕೊಳ್ಳಿ. ಎರಡು ಸಿಲಿಂಡರ್ ಮತ್ತು ಒಂದು ಖಾಲಿಯಾದಾಗ ತಾನಾಗಿ ಇನ್ನೊಂದಕ್ಕೆ ಬದಲಾಗುವ ರೆಗ್ಯುಲೇಟರ್ ಇಲ್ಲದಿದ್ದರೆ ನಡುರಾತ್ರಿ ಮೂರಕ್ಕೆ ಎದ್ದು ಹೊರಗೆ ಹೋಗುವುದು ತಪ್ಪದು. ರೆಗ್ಯುಲೇಟರಿನ ಗಾಳಿರಂಧ್ರ ಕೆಳಮುಖವಾಗಿರಲಿ, ಹಿಮ ಕಟ್ಟಿಕೊಂಡರೆ ಒತ್ತಡ ಕೆಡುತ್ತದೆ. (ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಮುಷ್ಕರ ಹೂಡುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.) ಫರ್ನೇಸಿನ ಫ್ಯಾನು 12 ವೋಲ್ಟಿನಲ್ಲಿ 7–8 ಆಂಪಿಯರ್ ಎಳೆಯುವುದರಿಂದ, ಹೊರಗಿನ ಕರೆಂಟು ಹೋದ ರಾತ್ರಿ ಬ್ಯಾಟರಿ ಬೆಳಗಿನವರೆಗೆ ತಡೆಯುವುದು ಅನುಮಾನ.

ಮೂರನೆಯದಾದ ಪೋರ್ಟಬಲ್ ಗ್ಯಾಸ್ ಹೀಟರಿಗೆ ಹೆಚ್ಚು ಮಾತು ಬೇಡ. 1 ಕೆ.ಜಿ. ಪ್ರೊಪೇನ್ ಉರಿದರೆ 1.6 ಲೀಟರ್ ನೀರು ಆವಿಯಾಗಿ ಹೊರಡುತ್ತದೆ, ಹೊಗೆ ಕೊಳವೆ ಇಲ್ಲದಿದ್ದರೆ ಅಷ್ಟೂ ಒಳಗೇ. 9,000 ಬಿಟಿಯು ಹೀಟರ್ ಎಂಟು ಗಂಟೆಯಲ್ಲಿ ಎರಡು ಲೀಟರಿಗೂ ಹೆಚ್ಚು ನೀರನ್ನು ಕಿಟಕಿಗೂ ಹಾಸಿಗೆಯ ಅಡಿಗೂ ಇಳಿಸುತ್ತದೆ; ಬೂಷ್ಟು ಖಂಡಿತ. ಆಮ್ಲಜನಕ ಕಡಿಮೆಯಾದರೆ ಆರಿಸುವ ಸೆನ್ಸರ್ ಕೆಲವು ಮಾದರಿಗಳಲ್ಲಿ 7,000 ಅಡಿಗಿಂತ ಮೇಲೆ ಸುಮ್ಮಸುಮ್ಮನೆ ಆರಿಸಿಬಿಡುತ್ತದೆ. ಓಲ್ಡ್ ಫೇತ್‌ಫುಲ್ ಅದಕ್ಕಿಂತ ಮೇಲೆಯೇ ಇದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದ್ದರೂ ಇದನ್ನು ಉರಿಸಿಟ್ಟು ಮಲಗಬಾರದು.

ನಮ್ಮ ತೀರ್ಪು: ರಾತ್ರಿ ಫರ್ನೇಸನ್ನು 16 ಡಿಗ್ರಿಗೆ ಇಟ್ಟು, ಕರೆಂಟ್ ಹೀಟರನ್ನು 750 ವ್ಯಾಟಿಗೆ ಇಳಿಸಿ. ಟ್ಯಾಂಕಿನ ವಾಲ್ವ್ ಹತ್ತಿರ ವೈರ್‌ಲೆಸ್ ಥರ್ಮಾಮೀಟರಿನ ಸೆನ್ಸರ್ ಅಂಟಿಸಿ. ಅಲ್ಲಿ 3 ಡಿಗ್ರಿಗೆ ಇಳಿದರೆ ಹೀಟರ್ ಆರಿಸಿ, ಫರ್ನೇಸ್ ಓಡಲಿ.

ನೀರಿನ ವಿಷಯದಲ್ಲಿ ಕರೆಂಟಿನಿಂದ ಬಿಸಿಯಾಗುವ ಹೋಸ್ ಪೈಪಿಗಿಂತ ಗಾಡಿಯ ಟ್ಯಾಂಕ್ ತುಂಬಿಕೊಳ್ಳುವುದೇ ಮೇಲು. ಹೋಸ್ ಹೆಪ್ಪುಗಟ್ಟದೆ ಇರಬಹುದು, ಹೆಪ್ಪುಗಟ್ಟುವುದು ಅದರ ಎರಡು ತುದಿಗಳು. ಗಾಡಿ ನಿಲ್ಲಿಸುವ ಜಾಗದಲ್ಲಿ ನೆಲಕ್ಕೆ ನೆಟ್ಟ, ಚಳಿಗೆ ತಡೆಯುವ ನಲ್ಲಿ ಮುಚ್ಚಿದಾಗ ಮಾತ್ರ ಕೊಳವೆಯ ನೀರನ್ನು ಮಣ್ಣಿನಾಳಕ್ಕೆ ಬಸಿಯುತ್ತದೆ. ಹೋಸ್ ಸಿಕ್ಕಿಸಿ ತೆರೆದಿಟ್ಟರೆ ನಿಂತ ನೀರು ಗಡ್ಡೆಯಾಗುತ್ತದೆ. ಹಗಲು ಟ್ಯಾಂಕ್ ತುಂಬಿ, ನಲ್ಲಿ ಮುಚ್ಚಿ, ಹೋಸ್ ಬಿಚ್ಚಿ, ನೀರು ಬಸಿದು ಸುತ್ತಿಡಿ. ಕೊಳೆನೀರಿನ ವಾಲ್ವ್ ಸದಾ ಮುಚ್ಚಿರಲಿ, ಟ್ಯಾಂಕ್ ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಿ. ತೆರೆದಿಟ್ಟರೆ ತೊಟ್ಟಿಕ್ಕುವ ನೀರು ಪೈಪಿನಲ್ಲಿ ಪದರ ಪದರವಾಗಿ ಕಟ್ಟಿಕೊಂಡು ದಾರಿಯನ್ನೇ ಮುಚ್ಚುತ್ತದೆ.

ಗಾಡಿಯ ಸುತ್ತ ಕೆಳಗೆ ಗಾಳಿ ತಡೆಯಲು 2 ಇಂಚಿನ ಗಟ್ಟಿ ಫೋಮ್ ಹಲಗೆ ಸಾಕು. ಹುಲ್ಲಿನ ಕಟ್ಟು ಅಗ್ಗ, ಆದರೆ ಇಲಿಗಳಿಗೆ ಅರಮನೆ. ಟೇಪನ್ನು ಮಧ್ಯಾಹ್ನದ ಬಿಸಿಲಿನಲ್ಲೇ ಅಂಟಿಸಿ, ತಣ್ಣನೆಯ ಗೋಡೆಗೆ ಅದು ಹಿಡಿಯುವುದಿಲ್ಲ.

ಸೀಸನ್ ಮುಗಿದು ನೀರಿನ ಲೈನ್ ನಿಲ್ಲಿಸುವ ದಿನಕ್ಕೆ ಆರ್‌ವಿಯ ಗುಲಾಬಿ ಆಂಟಿಫ್ರೀಜ್ (ಪೈಪಿನಲ್ಲಿ ಹೆಪ್ಪುಗಟ್ಟದ ದ್ರವ) 8–11 ಲೀಟರ್ ತಂದಿಟ್ಟುಕೊಳ್ಳಿ. ಮೊದಲು ಅದು ವಾಟರ್ ಹೀಟರಿನೊಳಗೆ ಹೋಗದಂತೆ ಬೈಪಾಸ್ ಮಾಡಿ, ಇಲ್ಲವಾದರೆ ಹೀಟರೊಂದೇ 20 ಲೀಟರಿಗೂ ಹೆಚ್ಚು ನುಂಗುತ್ತದೆ. ಪ್ರತಿ ನಲ್ಲಿಯಲ್ಲೂ ಗುಲಾಬಿ ಬಣ್ಣ ಬರುವವರೆಗೆ ಪಂಪ್ ಓಡಿಸಿ, ಸಿಂಕು, ಶವರ್‌ಗಳ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವಂತೆ ಒಂದೊಂದು ಲೋಟ ಸುರಿಯಿರಿ.