ಅಪ್ಪನ ಕಿವಿಯ ಹಿಂದಿನ ಸ್ಟ್ರಾಟಾ ವಾಲ್ವ್: ಐದಕ್ಕೆ ನಾಲ್ಕು

ಅಪ್ಪನಿಗೆ 71. ತಲೆಯಲ್ಲಿ ನೀರು ತುಂಬುವ ಕಾಯಿಲೆ, ಡಾಕ್ಟರ್ ಬಾಯಲ್ಲಿ ಎನ್‌ಪಿಎಚ್. ಕಾಲು ನೆಲಕ್ಕೆ ಅಂಟಿದ ಹಾಗೆ ನಡೆಯುತ್ತಿದ್ದರು, ಮೂತ್ರ ತಡೆಯಲು ಆಗುತ್ತಿರಲಿಲ್ಲ, ಮರೆವು ಬೇರೆ. ಕಳೆದ ವರ್ಷ ಶಂಟ್ ಹಾಕಿಸಿದೆವು. ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೇ ಸಣ್ಣ ಟ್ಯೂಬ್, ಕಿವಿಯ ಹಿಂದೆ ವಾಲ್ವ್. ಆಗ ಹಾಕಿದ್ದು ಫಿಕ್ಸೆಡ್, ಅಂದರೆ ಆಮೇಲೆ ಬದಲಿಸಲಾಗದ ಮೀಡಿಯಂ ಪ್ರೆಶರ್ ವಾಲ್ವ್. ಯಾವ ಆಸ್ಪತ್ರೆ, ಯಾವ ಕಂಪನಿ ಅಂತ ಕೇಳಬೇಡಿ.

ನಡಿಗೆ ಬೇಗ ಸುಧಾರಿಸಿತು. ಆಮೇಲೆ ತಲೆನೋವು ಶುರು. ಕೂತು ಒಂದು ತಟ್ಟೆ ಇಡ್ಲಿ ಮುಗಿಸುವಷ್ಟರಲ್ಲಿ ತಲೆ ಹಿಡಿದುಕೊಳ್ಳುತ್ತಿದ್ದರು, ಮಲಗಿದರೆ ಹತ್ತು ನಿಮಿಷದಲ್ಲಿ ಮಾಯ. "ಮಲಗೋಕೊಂದು ನೆಪ" ಅಂದಳು ಅಮ್ಮ. ಆಸ್ಪತ್ರೆಗೆ ಫೋನ್ ಮಾಡಿದರೆ "ನೀರು ಜಾಸ್ತಿ ಕುಡಿಸಿ" ಅಂದರು. ಮೂರು ವಾರ ಸುಮ್ನೆ ಹೋಯಿತು. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಮೇಲೆ ಎರಡೂ ಕಡೆ ತೆಳುವಾಗಿ ನೀರು. ಶಂಟ್ ತಲೆಯ ನೀರನ್ನು ಅತಿಯಾಗಿ ಇಳಿಸಿದರೆ ಹೀಗಾಗುತ್ತದಂತೆ, ಬಿಟ್ಟರೆ ರಕ್ತವೂ ತುಂಬಬಹುದು.

ಬೆಂಗಳೂರಿನ ಡಾಕ್ಟರ್ ಕಾರಣ ಹೇಳಿದಾಗ ನನಗೆ ನೆನಪಾದದ್ದು ನಮ್ಮ ಮನೆ ಡ್ರಮ್. ಪೈಪ್ ಹಾಕಿ ಬಾಯಲ್ಲಿ ಎಳೆದು ಬಿಡುತ್ತೇವಲ್ಲ, ತುದಿ ಕೆಳಗಿಳಿದಷ್ಟೂ ನೀರು ಜೋರು. ಮಲಗಿದಾಗ ತಲೆ, ಹೊಟ್ಟೆ ಒಂದೇ ಮಟ್ಟ. ಎದ್ದರೆ ಟ್ಯೂಬಿನಲ್ಲಿ ಒಂದೂವರೆ ಅಡಿ ನೀರು ನೇತಾಡುತ್ತದೆ. ಸುಮಾರು 10 ಸೆಂ.ಮೀ. ನೀರಿನ ಒತ್ತಡ ತಡೆಯುವ ವಾಲ್ವ್ 45 ಸೆಂ.ಮೀ. ಎಳೆತದ ಮುಂದೆ ಏನು ಮಾಡೀತು?

ಹಳೆಯದು ತೆಗೆಸಿ ಸ್ಟ್ರಾಟಾ ಹಾಕಿಸಿದೆವು. 0.5ರಿಂದ 2.5ರವರೆಗೆ ಐದು ಸೆಟ್ಟಿಂಗ್ (ನಂಬರ್ ಏರಿದಷ್ಟೂ ನೀರು ಇಳಿಯುವುದು ಕಡಿಮೆ), ಹೊರಗಿಂದ ಮ್ಯಾಗ್ನೆಟ್ ಇಟ್ಟು ಬದಲಿಸುತ್ತಾರೆ, ಮತ್ತೆ ಕುಯ್ಯಬೇಕಾಗಿಲ್ಲ. ಎಲ್ಲರೂ ಇದನ್ನೇ ಹೊಗಳುತ್ತಾರೆ. ಆದರೆ ನನ್ನ ಪ್ರಕಾರ ದುಡ್ಡು ಕೊಡಬೇಕಾದದ್ದು ಅದರೊಳಗಿನ ಡೆಲ್ಟಾ ಚೇಂಬರ್‌ಗೆ. ಕೆಳಗಿಂದ ಎಳೆತ ಬಂದಾಗ ಅದರ ಪೊರೆ ಮುಚ್ಚಿಕೊಳ್ಳುತ್ತದೆ. ಅದಿಲ್ಲದೆ ಬರೀ ನಂಬರ್ ಏರಿಸಿದರೆ ಮಲಗಿದಾಗಲೂ ನೀರು ಕಡಿಮೆ ಇಳಿದು ಕಾಲು ಮತ್ತೆ ಅಂಟುತ್ತದೆ, ಅಲ್ವಾ? ಜರ್ಮನಿಯ ಮೀಟ್ಕೆ ವಾಲ್ವ್‌ನಲ್ಲಿ ಪೊರೆಯ ಬದಲು ಪುಟ್ಟ ಗುಂಡು, ನಿಂತಾಗ ಅದರ ತೂಕವೇ ದಾರಿಗೆ ಅಡ್ಡ. ಹೊರಗಿಂದ ಸೆಟ್ಟಿಂಗ್ ಬದಲಿಸಬಹುದಾ, ನಿಂತಾಗಿನ ಎಳೆತ ತಡೆಯುತ್ತದಾ, ಆಪರೇಷನ್‌ಗೆ ಮೊದಲೇ ಎರಡನ್ನೂ ಕೇಳಿ, ನಾವು ಕೇಳಲಿಲ್ಲ.

ಮೊದಲು 1.5ರಲ್ಲಿ ಇಟ್ಟಿದ್ದರು, ಸ್ವಲ್ಪ ನೋವು ಉಳಿದಿತ್ತು, 2.0 ಮಾಡಿದ ಮೇಲೆ ಹೋಯಿತು. ಸಿಟಿಯಲ್ಲಿದ್ದ ನೀರೂ ಕರಗಿದೆ. ಅಪ್ಪ ಈಗ ಸಂಜೆ ಅಮಾನಿಕೆರೆ ಪಾರ್ಕಿನಲ್ಲಿ ನಡೆಯುತ್ತಾರೆ, ನನಗಿಂತ ಜೋರಾಗಿ ಅಂತ ಅವರ ವಾದ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಬೆಲೆ ಹಳೆಯದರ ಹಲವು ಪಟ್ಟು, ನಂಬರ್ ಬದಲಿಸಲು ನಾವು ಬೆಳಗಿನ ರೈಲು ಹಿಡಿದು ಬೆಂಗಳೂರಿಗೇ ಹೋಗಬೇಕು, ಎಂಆರ್‌ಐ ಮಾಡಿಸಿದರೆ ಸೆಟ್ಟಿಂಗ್ ಬದಲಾಗಿದೆಯಾ ಅಂತ ಮತ್ತೆ ನೋಡಿಸಲೇಬೇಕು. ಮ್ಯಾಗ್ನೆಟ್ ಇರುವ ಇಯರ್‌ಫೋನ್, ಮೊಬೈಲ್ ವಾಲ್ವ್‌ಗೆ ತಾಗಿಸಬಾರದು. ಅಪ್ಪನದು ಬಲಗಡೆ. ಫೋನ್ ಬಂದಾಗಲೆಲ್ಲ ಅಭ್ಯಾಸದಂತೆ ಬಲಗಿವಿಗೇ ಒಯ್ಯುತ್ತಾರೆ, ಅಡುಗೆಮನೆಯಿಂದ ಅಮ್ಮ ಕೂಗುತ್ತಾಳೆ: "ರೀ, ಎಡಗಿವಿ!"