ಸರ್ಕಾರಿ ಕಾಮಗಾರಿಯ ಇಂಗಾಲದ ಲೆಕ್ಕ: ಪರಿವೇಶ್ ನೋಡಲೋ, ಆರ್‌ಟಿಐ ಹಾಕಲೋ?

ನಮ್ಮ ತೆರಿಗೆ ದುಡ್ಡಿನ ಹೆದ್ದಾರಿಯಿಂದ ಎಷ್ಟು ಇಂಗಾಲ ಗಾಳಿ ಸೇರುತ್ತದೆ? ಕೇಂದ್ರದ ಪರಿವೇಶ್ ಜಾಲತಾಣಕ್ಕೆ ಅರ್ಜಿ ಬೇಡ, ಖರ್ಚಿಲ್ಲ. ಯೋಜನೆಗಳ ಪರಿಸರ ಪರಿಣಾಮ ಅಳೆಯುವ 2006ರ ಕೇಂದ್ರ ಅಧಿಸೂಚನೆಯಡಿ ಪರಿಸರ ಅನುಮತಿ ಕೋರಿದ ಯೋಜನೆಗಳ ಕಡತ ಅಲ್ಲಿವೆ. ಧೂಳು, ಶಬ್ದ, ಉರುಳುವ ಮರಗಳ ವಿವರ ಸಿಕ್ಕೀತು. ಸಿಮೆಂಟು, ಉಕ್ಕು ತಯಾರಿಸುವಾಗ ಹೊರಬೀಳುವ ಇಂಗಾಲದ ಲೆಕ್ಕ ಇರಲೇಬೇಕೆಂದೇನಿಲ್ಲ. ಮೆಟ್ರೊ ರೈಲಂತೂ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ.

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಇರುವ ದಾಖಲೆ ಕೊಡುತ್ತಾರೆ, ಹೊಸದಾಗಿ ಲೆಕ್ಕ ಹಾಕಿ ಕೊಡುವುದಿಲ್ಲ. ಅದಕ್ಕೇ 'ಇಂಗಾಲ ಎಷ್ಟು' ಎಂದು ಬರೆಯಬೇಡಿ. ಕಾಂಕ್ರೀಟು, ಉಕ್ಕಿನ ಪ್ರಮಾಣವಿರುವ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪ್ರತಿ ಕೇಳಿ. ನನ್ನ ಒಲವು ಇದಕ್ಕೇ: ಪ್ರಮಾಣ ಕೈಗೆ ಬಂದರೆ, ಒಂದೊಂದು ಸಾಮಗ್ರಿಯಿಂದ ಹೊರಬೀಳುವ ಇಂಗಾಲದ ದರದಿಂದ ನಾವೇ ಗುಣಿಸಿಕೊಳ್ಳಬಹುದು.